ಹಿಂದಿನ ಸೀಟಿನ ಕಚ್ಚು

ಹಳೆಯ ಕಾರು ಕೊಳ್ಳಲು ಸೇಲಂ ಬೈಪಾಸಿನ ನನ್ನ ಯಾರ್ಡಿಗೆ ಬರುವವರು ಮೊದಲು ಬಾನೆಟ್ಟು ಎತ್ತಿಸುತ್ತಾರೆ. ಎತ್ತಿಸಲಿ, ಬೇಡವೆನ್ನುವುದಿಲ್ಲ. ಆದರೆ ನನ್ನ ಮಾತು ಕೇಳುವ ಹಾಗಿದ್ದರೆ ಎಂಜಿನ್ನನ್ನು ಮೆಕ್ಯಾನಿಕ್ಕಿಗೆ ಬಿಡಿ, ನೀವು ಹಿಂದಿನ ಸೀಟು ನೋಡಿ. ಮುಂದಿನ ಸೀಟು ಓಡಿಸಿದವನ ಕಥೆ ಹೇಳುತ್ತದೆ, ಹಿಂದಿನದು ಇಡೀ ಮನೆಯ ಕಥೆ. ಮಕ್ಕಳು ವಾಂತಿ ಮಾಡಿದ ಕಲೆ, ಅಜ್ಜಿಯ ಎಲೆಅಡಿಕೆಯ ಕೆಂಪು, ಯಾರನ್ನೋ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ ತಗ್ಗು ಅಲ್ಲಿ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಮನೆಮಂದಿಯನ್ನು ಹೊತ್ತ ಕಾರನ್ನು ಜನ ಸುಮ್ಮನೆ ಕೆಡಲು ಬಿಟ್ಟಿರುವುದಿಲ್ಲ. ಇದು ನಾನು ಗಿರಾಕಿಗಳಿಗೆ ಹೇಳುವ ಕಾರಣ. ನನ್ನ ಕಾರಣ ಬೇರೆ. ಯಾವ ಹಳೆಯ ಅಂಬಾಸಿಡರ್ ಕಣ್ಣಿಗೆ ಬಿದ್ದರೂ ಅದರ ಹಿಂಬಾಗಿಲು ತೆಗೆದು, ಸೀಟಿನ ಎಡ ಅಂಚಿನ ಮೇಲೆ ಹೆಬ್ಬೆರಳು ಹಾಯಿಸುತ್ತೇನೆ. ಅಲ್ಲಿ ಅಕ್ಕಿಕಾಳಿನಷ್ಟು ಅಗಲದ, ಮೂರು ಮೂಲೆಯ ಒಂದು ಕಚ್ಚು ಸಿಗಬೇಕು. ಇಲ್ಲಿಯವರೆಗೆ ಸಿಕ್ಕಿಲ್ಲ.

ಪಾಪಿರೆಡ್ಡಿಪಟ್ಟಿಯ ಕಡೆಯ ಹಟ್ಟಿಯೊಂದರಲ್ಲಿ ನಮ್ಮ ಮನೆ. ಮುಂದೆ ಹೆಂಚು, ಹಿಂದೆ ಹುಲ್ಲು. ಅಡುಗೆ ಮನೆಯ ಗೋಡೆಗೆ ಒತ್ತಿಕೊಂಡೇ ಕುರಿದೊಡ್ಡಿ. ಅವ್ವ ಒಲೆಯ ಮುಂದೆ ಮುದ್ದೆ ತಿರುವುವಾಗ ಆಚೆಯಿಂದ ಮರಿಗಳು ಗೋಡೆಗೆ ತಲೆ ಗುದ್ದುವುದು ಕೇಳಿಸುತ್ತಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡ ಅಕ್ಷರವನ್ನು ನಾನು ಕಲಿತದ್ದು ದೊಡ್ಡವಳಾದ ಮೇಲೆ, ಹೊಸೂರಿನ ಆಚೆಯಿಂದ ಕಾರು ತಂದು ಮಾರುವವರ ಕಾಗದಗಳನ್ನು ನಾನೇ ಓದಿಕೊಳ್ಳಲೆಂದು. ಯಾರೋ ಓದಿ ಹೇಳಿದ್ದನ್ನು ನಂಬಿ ವ್ಯಾಪಾರ ಮಾಡಬಾರದು. ಮನೆಯಲ್ಲಿ ಅಪ್ಪ ಮಾದಪ್ಪ, ಅವ್ವ, ನಾನು, ಮತ್ತು ಅಪ್ಪನ ಅಕ್ಕ ಕೆಂಪತ್ತೆ. ಮೇಟೂರಿನ ಕಡೆಯ ಹಳ್ಳಿಗೆ ಮದುವೆಯಾಗಿ ಹೋಗಿದ್ದ ಅತ್ತೆ, ಗಂಡ ಸತ್ತ ಮೇಲೆ ತವರಿನಿಂದ ಬಳುವಳಿಯಾಗಿ ಹೋಗಿದ್ದ ಕುರಿಗಳನ್ನು ಹೊಡೆದುಕೊಂಡು, ನಡೆದೇ ನಮ್ಮ ಮನೆಗೆ ವಾಪಸು ಬಂದವಳು. ಅವಳ ಕುರಿಗಳು ಅಪ್ಪನ ಮಂದೆಯಲ್ಲೇ ಮೇಯುತ್ತಿದ್ದವು, ಆದರೆ ಅವು ಅವಳವೇ. ಪ್ರತಿಯೊಂದರ ಎಡಗಿವಿಯ ಅಂಚಿನಲ್ಲಿ ಅವಳ ಕಚ್ಚು ಇರುತ್ತಿತ್ತು. ಹುಟ್ಟಿದ ಮರಿಯ ಕಿವಿಯನ್ನು ಅವಳೇ ಕೊಯ್ದು, ಬೂದಿ ಒತ್ತಿ, ತಾಯಿಯ ಬಳಿ ಬಿಡುತ್ತಿದ್ದಳು.

ಕುರಿ ಮಾರುವುದಕ್ಕೆ ನಮ್ಮಲ್ಲಿ ಎರಡು ಕಟ್ಟಲೆಗಳಿದ್ದವು. ಒಂದು, ಮನೆಯ ಹೆಂಗಸಿನ ಕಚ್ಚಿರುವ ಕುರಿಯನ್ನು ಸಂತೆಗೆ ಹೊಡೆಯುವ ಮುಂಚೆ ಬಾಗಿಲಿಗೆ ತಂದು, ಅದರ ಕಿವಿಯನ್ನು ಅವಳ ಕೈಗೆ ಕೊಡಬೇಕು. ಅವಳು ಹೆಬ್ಬೆರಳಿನಿಂದ ಕಚ್ಚನ್ನು ಸವರಿ ನೋಡಿ, "ಓಗ್ಲಿ ಬಿಡು" ಅನ್ನಬೇಕು. ಅಂದರೆ ವ್ಯಾಪಾರ, ಅನ್ನದಿದ್ದರೆ ಕುರಿ ದೊಡ್ಡಿಗೆ ವಾಪಸು. ಇನ್ನೊಂದು, ದನವಾಗಲಿ ಟಗರಾಗಲಿ, ಕೊಂಡವನಿಗೆ ಹಗ್ಗ ಕೊಡಬಾರದು. ಅವನ ಹಗ್ಗ ಅವನು ತರಬೇಕು. ನಮ್ಮ ಹಗ್ಗ ನಮ್ಮ ಗೂಟಕ್ಕೆ ವಾಪಸು ಬಂದರೆ ಮನೆಯ ಅದೃಷ್ಟ ಮನೆಯಲ್ಲೇ ಉಳಿಯುತ್ತದೆ ಎಂಬ ಲೆಕ್ಕ. ನಡುಮನೆಯ ಗೋಡೆಯ ಗೂಟದಲ್ಲಿ ಮಾರಿಹೋದ ಪ್ರಾಣಿಗಳ ಹಗ್ಗಗಳು ಗೊಂಚಲಾಗಿ ನೇತಾಡುತ್ತಿದ್ದವು. ಅಪ್ಪ ಎರಡನೆಯ ಕಟ್ಟಲೆಯನ್ನು ಒಂದು ಸಲವೂ ತಪ್ಪಿದವನಲ್ಲ.

ಅಪ್ಪನಿಗೆ ಕಾರಿನ ಆಸೆ ಹುಟ್ಟಿದ್ದು ಏರ್ಕಾಡಿನಲ್ಲಿ. ಕಾಫಿ ಎಸ್ಟೇಟೊಂದರ ಹಬ್ಬಕ್ಕೆ ಟಗರು ಒಪ್ಪಿಸಲು ಹೋದವನು ಅಲ್ಲಿ ಮಾರಾಟಕ್ಕೆ ನಿಂತಿದ್ದ ಕೆನೆ ಬಣ್ಣದ ಅಂಬಾಸಿಡರ್ ನೋಡಿದ. ನೋಡಿದ್ದು ಹೇಗೆ ಎಂದು ಅವನೇ ಎಷ್ಟೋ ಸಲ ಅಭಿನಯಿಸಿ ತೋರಿಸಿದ್ದಾನೆ. ಹಲ್ಲು ನೋಡುವ ಹಾಗೆ ಟೈರಿಗೆ ಬೆರಳಿಟ್ಟು ನೋಡಿದ. ಟಗರಿನ ಸೊಂಟ ಹಿಡಿದು ಕೊಬ್ಬು ಅಳೆಯುವ ಹಾಗೆ ಸೀಟನ್ನು ಅದುಮಿದ. ಆಮೇಲೆ ಹೆಗಲ ಟವೆಲನ್ನು ಕೈಯ ಮೇಲೆ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ ಮುಂದೆ ಕೈ ಚಾಚಿದ. ಸಂತೆಯ ಬೆರಳ ಭಾಷೆ ಗೊತ್ತಿಲ್ಲದ ರೈಟರು, ಇವನು ಕೈಕುಲುಕುತ್ತಿದ್ದಾನೆಂದುಕೊಂಡು ಜೋರಾಗಿ ಕುಲುಕಿಬಿಟ್ಟ. ಅಪ್ಪ ಅದನ್ನೇ ಒಪ್ಪಿಗೆ ಎಂದು ಹಿಡಿದ. ರೈಟರು ಬಿಡಿಸಿಕೊಳ್ಳಲು ನೋಡಿದಾಗ, "ಕೈ ಕೊಟ್ಟ ಮೇಲೆ ಮುಗೀತು ಸಾರ್" ಎಂದು ಅಪ್ಪ ಬೆಲೆಯನ್ನು ಮತ್ತೂ ಇಳಿಸಿದನಂತೆ. ನನ್ನ ಚೌಕಾಸಿಯ ಮೊದಲ ಪಾಠ ಅದು: ಎದುರಿನವನಿಗೆ ತನ್ನದೇ ಕೈ ಏನು ಹೇಳುತ್ತಿದೆಯೆಂದು ಗೊತ್ತಿಲ್ಲದಾಗ ನೀವು ಬಾಯಿ ಬಿಡಬೇಡಿ.

ಆದರೆ ಎಸ್ಟೇಟಿನವರಿಗೆ ದುಡ್ಡು ಕೂಡಲೇ ಕೈಗೆ ಬೀಳಬೇಕಿತ್ತು. ಅಪ್ಪ ಬೆಟ್ಟ ಇಳಿದವನು ಮನೆಗೆ ಬರದೆ ನೇರವಾಗಿ ಮಂದೆ ಮೇಯುತ್ತಿದ್ದ ಕಡೆಗೇ ಹೋದ. ಬಲಿತವನ್ನೆಲ್ಲ ಆರಿಸಿ ಹೊಡೆದುಕೊಂಡು ಸಂತೆಗೆ ನಡೆದುಬಿಟ್ಟ. ಆ ಆರಿಸಿದವುಗಳಲ್ಲಿ ಅತ್ತೆಯವು ಎಲ್ಲವೂ ಇದ್ದವು. ಅವಳು ಮರಿಯಾಗಿದ್ದಾಗಿನಿಂದ ಅಂಬಲಿ ಕುಡಿಸಿ ಸಾಕಿದವಾದ್ದರಿಂದ ಮಂದೆಯಲ್ಲಿ ಚೆನ್ನಾಗಿದ್ದವೇ ಅವು.

ಕಾರು ಹಟ್ಟಿಗೆ ಬಂದದ್ದು ಹಾಡಿನೊಂದಿಗೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ರೇಡಿಯೊ ಕೂಡ ಇರಲಿಲ್ಲ. ಇದ್ದದ್ದು ಮುಂದಾಳು ಟಗರಿನ ಗಂಟೆ ಮತ್ತು ಅತ್ತೆಯ ಗಂಟಲು, ಅಷ್ಟೆ. ಕಾರಿನಲ್ಲಿ ಟೇಪ್ ಇತ್ತು. ಟೇಪಿನೊಳಗೆ ಎಸ್ಟೇಟಿನವರ ಕ್ಯಾಸೆಟ್ಟೊಂದು ಸಿಕ್ಕಿಹಾಕಿಕೊಂಡಿತ್ತು. ಬಟನ್ ಒತ್ತಿದರೆ ಹಾಡುತ್ತಿತ್ತು, ಎಷ್ಟು ಒತ್ತಿದರೂ ಹೊರಗೆ ಬರುತ್ತಿರಲಿಲ್ಲ. ಪಿಯಾನೊ ಬಾರಿಸುತ್ತ ಯಾವಳೋ ಇಂಗ್ಲಿಷಿನಲ್ಲಿ ಹಾಡುತ್ತಿದ್ದಳು. ಹಳ್ಳ ದಿಣ್ಣೆಯಲ್ಲಿ ಚಕ್ರ ಕುಲುಕಿದಾಗ ಅವಳ ದನಿಯೂ ಎಳೆದುಕೊಂಡು ಸಣ್ಣಗೆ ಅತ್ತ ಹಾಗೆ ಆಗುತ್ತಿತ್ತು. ನಮ್ಮ ಮನೆಯ ಮೊದಲ ಸಂಗೀತ ಅದು. ಹಟ್ಟಿಯವರೆಲ್ಲ ಕಾರಿನ ಸುತ್ತ ನಿಂತು ಕೇಳಿದರು. ಅತ್ತೆ ಮಾತ್ರ ಕಾರು ನೋಡದೆ ರಸ್ತೆ ನೋಡುತ್ತಿದ್ದಳು, ಹಿಂದೆ ಮಂದೆ ಬರುತ್ತಿದೆಯೇ ಎಂದು.

"ಲೇ ಮಾದ, ನನ್ನವು ಎಲ್ಲಿ?"

"ಅಗೋ ನಿಂತೈತಲ್ಲ, ನಾಲ್ಕು ಕಾಲ್ ಮೇಲೆ. ನಿನ್ವೂ ನನ್ವೂ ಎಲ್ಲಾ ಸೇರಿ ಒಂದೇ ಆಗೈತೆ ಅಕ್ಕಾ. ಇದು ಕಳ್ಳಿ ತಿನ್ನಲ್ಲ, ಜಂತುರೋಗ ಬರಲ್ಲ."

"ಕಿವಿ ನನ್ ಕೈಗೆ ಕೊಟ್ಯಾ?"

ಅಪ್ಪ ನಗಲು ನೋಡಿದ. ಸುತ್ತ ಜನ ಇದ್ದರು.

"ಟೈಮ್ ಇರ್ಲಿಲ್ಲ ಅಕ್ಕಾ. ಸರಿ, ಇಂದಿನ ಸೀಟು ನಿಂದು. ಇಷ್ಟು ಜನದ್ ಮುಂದೆ ಏಳ್ತಾ ಇವ್ನಿ, ಸಾಕಾ? ಮಾರಾಣಿ ಅಂಗೆ ಕುಂತ್ಕೋ."

ಮಾರನೆಯ ದಿನ ಬೆಳಗ್ಗೆ ಅಪ್ಪನ ಕೂಗಿಗೆ ನಾವೆಲ್ಲ ಹೊರಗೆ ಓಡಿದೆವು. ಹಿಂದಿನ ಸೀಟಿನ ಎಡ ಅಂಚಿನ ರೆಕ್ಸಿನ್ನನ್ನು ಯಾರೋ ಕೊಯ್ದಿದ್ದರು. ಅಚ್ಚುಕಟ್ಟಾಗಿ, ಮೂರು ಮೂಲೆಯಾಗಿ. ಅದಕ್ಕೆ ಬೂದಿ ಕೂಡ ಒತ್ತಿದ್ದರು. ಅತ್ತೆ ಜಗಲಿಯ ಮೇಲೆ ಕುಳಿತು ಕುರಿಕತ್ತಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

"ಉಚ್ಚು ಇಡ್ದೈತಾ ನಿಂಗೆ? ಒಸ ಕಾರು!"

"ನಿಂಗೆ ಒಸದು, ಎಸ್ಟೇಟ್ ದೊರೆಗೆ ಅಳೇದು. ನಂದು ಅಂದ್ಯಲ್ಲೋ? ನಂದಾದ್ರೆ ಕಿವಿ ಬ್ಯಾಡ್ವಾ?"

ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು. ಅವಳು ನಗುತ್ತಿದ್ದಳೆಂದು ಅವಳ ಭುಜ ನೋಡಿ ಗೊತ್ತಾಯಿತು.

ಆ ಕಾರು ನಿಜವಾಗಿಯೂ ಅತ್ತೆಯದಾಯಿತು. ಹೇಗೆಂದರೆ ಹೀಗೆ. ಅವಳಷ್ಟು ಸೋಬಾನೆ ಪದ ಬರುವವರು ಸುತ್ತಲ ಯಾವ ಹಟ್ಟಿಯಲ್ಲೂ ಇರಲಿಲ್ಲ. ಮದುಮಗಳನ್ನು ಹಸೆಗೆ ಕರೆಯುವುದಕ್ಕೆ ಒಂದು, ಅರಿಸಿನ ಹಚ್ಚುವುದಕ್ಕೆ ಒಂದು, ಗಂಡಿನವರನ್ನು ಹಂಗಿಸುವುದಕ್ಕಂತೂ ಲೆಕ್ಕವಿಲ್ಲ. ಆದರೆ ಗಂಡ ಸತ್ತವಳು ಮದುವೆಯ ಚಪ್ಪರದೊಳಗೆ ಕಾಲಿಡುವಂತಿರಲಿಲ್ಲ. ಪದ ಬೇಕು, ಪದ ಹೇಳುವವಳು ಬೇಡ. ಅದಕ್ಕೇ ಅವಳನ್ನು ಗೋಡೆಯ ಹಿಂದೆಯೋ ದೊಡ್ಡಿಯ ಮರೆಯಲ್ಲೋ ಕೂರಿಸಿ ಹಾಡಿಸುತ್ತಿದ್ದರು. ಕಾರು ಬಂದ ಮೇಲೆ ಅಪ್ಪ ಮದುವೆಗಳಿಗೆ ಬಾಡಿಗೆಗೆ ಹೋಗತೊಡಗಿದ. ಹೋದಲ್ಲೆಲ್ಲ ತನ್ನ ಸೀಟೆಂದು ಅತ್ತೆಯೂ ಹಿಂದೆ ಎಡಗಡೆ ಕುಳಿತು ಹೋದಳು. ಚಪ್ಪರದ ಬಾಯಲ್ಲೇ ಕಾರು ನಿಲ್ಲುತ್ತಿತ್ತು. ಎಡಬಾಗಿಲು ಚಪ್ಪರದ ಕಡೆಗೆ ಪೂರ್ತಿ ತೆರೆದಿರುತ್ತಿತ್ತು. ಕಾರು ಚಪ್ಪರದ ಒಳಗಲ್ಲ, ಗೋಡೆಯ ಹಿಂದೆಯೂ ಅಲ್ಲ. ಯಾವ ಹಿರಿಯನಿಗೂ ತಕರಾರು ತೆಗೆಯಲು ಬರಲಿಲ್ಲ. ಅಲ್ಲಿಂದ ಅತ್ತೆ ಪದ ಎತ್ತುತ್ತಿದ್ದಳು, ಹಸೆಯ ಸುತ್ತಲಿನ ಹೆಂಗಸರು ಅವಳ ಮುಖ ನೋಡಿಕೊಂಡು ಅದನ್ನೇ ತಿರುಗಿ ಹೇಳುತ್ತಿದ್ದರು. ಗಂಡ ಸತ್ತ ಮೇಲೆ ಮೊದಲ ಸಲ ಅವಳಿಗೆ, ತಾನು ಹಾಡಿ ಹಸೆಗೆ ಕರೆದ ಮದುಮಗಳು ಬಂದು ಕೂರುವುದು ಕಣ್ಣಿಗೆ ಕಾಣುವಂತಾಯಿತು. ಮೇಟೂರಿನ ಕಡೆಯಿಂದಲೂ ಕರೆ ಬಂತು. "ಕಾರು ಬೇಕು" ಎಂದು ಕೇಳಲು ಬಂದವರು, "ಕೆಂಪಮ್ಮನೂ ಬರ್ತದಲ್ಲಾ?" ಎಂದು ಖಾತ್ರಿ ಮಾಡಿಕೊಂಡೇ ವೀಳ್ಯ ಕೊಡುತ್ತಿದ್ದರು. ಅಪ್ಪನಿಗೆ ಇದು ಒಳಗೊಳಗೆ ಕುಟುಕುತ್ತಿತ್ತು. ಕಾರು ಅವನದು, ಹೆಸರು ಅವಳದು.

ಮದುವೆ ಮುಗಿಸಿ ವಾಪಸಾಗುವಾಗ ನಾನೂ ಅವಳ ಪಕ್ಕದಲ್ಲಿ ಇರುತ್ತಿದ್ದೆ. ಅಪ್ಪ ಟೇಪ್ ಹಾಕುತ್ತಿದ್ದ. ಇಂಗ್ಲಿಷಿನವಳು ಶುರು ಮಾಡುತ್ತಿದ್ದಳು. ಹಾಡಿ ಹಾಡಿ ಗಂಟಲು ಕಟ್ಟಿದ್ದರೂ ಅತ್ತೆ ಸುಮ್ಮನಿರುತ್ತಿರಲಿಲ್ಲ. ಆ ಹಾಡಿನ ಮಟ್ಟಿಗೆ ತನ್ನ ಅರಿಸಿನದ ಪದವನ್ನು ಹೊಂದಿಸಿ ಗುನುಗುತ್ತಿದ್ದಳು.

"ಪಾಪ, ಯಾವ್ ಊರವ್ಳೋ. ಇವ್ಳೂ ಆಚೆ ಕುಂತ್ಕಂಡೇ ಆಡ್ತಾವ್ಳೆ ಅನ್ಸುತ್ತೆ," ಅನ್ನುತ್ತಿದ್ದಳು.

ಆಗ ಅವಳ ಹೆಬ್ಬೆರಳು ಸೀಟಿನ ಅಂಚಿನ ಕಚ್ಚಿನ ಮೇಲೆ ಇರುತ್ತಿತ್ತು. ಮಾರುವುದಕ್ಕಲ್ಲ. ಸುಮ್ಮನೆ, ಇದೆಯೆಂದು.

ನನ್ನ ಮದುವೆ ಗೊತ್ತಾಯಿತು. ಗಂಡಿನವರು ಸೇಲಂ ಪೇಟೆಯವರು, ಮನೆಮಾತು ಕನ್ನಡವೇ ಆದರೂ ನಡೆಯೆಲ್ಲ ತಮಿಳಿನದು. ಅವರ ಮುಂದೆ ಕಡಿಮೆಯಾಗಬಾರದೆಂದು ಅಪ್ಪನಿಗೆ ಹಟ ಹತ್ತಿತು. ಮೈಕ್ ಸೆಟ್ಟು ಬೇಕು, ಸೀರಿಯಲ್ ಲೈಟು ಬೇಕು, ಅಡುಗೆಗೆ ಊರಿನವರಲ್ಲ, ಪೇಟೆಯ ಮಾಸ್ಟರೇ ಬೇಕು. ಅಷ್ಟಕ್ಕೂ ದುಡ್ಡು ಹೊಂದಿಸಬೇಕಿತ್ತು. ಒಂದು ದಿನ ತಾರಮಂಗಲದಿಂದ ಒಬ್ಬ ವ್ಯಾಪಾರಿ ಬಂದು ಕಾರಿನ ಸುತ್ತ ತಿರುಗಿದ. ಅತ್ತೆ ಅವತ್ತು ಕಡಲೆಕಾಯಿ ಕೀಳಲು ಹೊಲಕ್ಕೆ ಹೋಗಿದ್ದಳು. ನಾನು ಅವ್ವನ ಜೊತೆ ಒಳಗಿದ್ದೆ. ಕಿಟಕಿಯಲ್ಲಿ ಎಲ್ಲ ಕಾಣುತ್ತಿತ್ತು. ವ್ಯಾಪಾರ ಮುಗಿದ ಮೇಲೆ ಅಪ್ಪ ಸ್ಕ್ರೂಡ್ರೈವರ್ ತಂದು, ಡ್ಯಾಶ್‌ಬೋರ್ಡಿನಿಂದ ಟೇಪನ್ನು ತಂತಿ ಸಮೇತ ಕಿತ್ತ.

"ಎನ್ನಣ್ಣೇ, ಟೇಪ್ ಎಂಗೆ ಪೋಗುದು?" ಎಂದ ಬಂದವನು. ಟೇಪು ಎಲ್ಲಿಗೆ ಹೊರಟಿತು ಎಂದು ಅವನಿಗೆ ಗಾಬರಿ.

ಅಪ್ಪ ತಮಿಳಿನಲ್ಲೇ ವಿವರಿಸಿದ: ನಮ್ಮಲ್ಲಿ ಹಗ್ಗ ಕೊಡುವ ರೂಢಿ ಇಲ್ಲ, ಈ ಕಾರಿಗೆ ಹಗ್ಗ ಇದೇ. ಆ ಮನುಷ್ಯ ತಲೆ ಕೆರೆದುಕೊಂಡ. ಅವನೂ ದನ ಕಟ್ಟಿದ ಮನೆಯವನೇ ಇರಬೇಕು, ಟೇಪು ಬಿಟ್ಟು ಕಾರು ಹತ್ತಿದ.

ಸಂಜೆ ಅತ್ತೆ ತಲೆಯ ಮೇಲೆ ಬಳ್ಳಿಯ ಹೊರೆ ಹೊತ್ತು ಬಂದಳು. ಅಂಗಳದಲ್ಲಿ ಕಾರು ನಿಲ್ಲುವ ಜಾಗ ಬರಿದಾಗಿತ್ತು. ಬಾಡಿಗೆಗೆ ಹೋಗಿರಬೇಕೆಂದು ಹೊರೆ ಇಳಿಸಿ ಒಳಗೆ ಬಂದವಳು, ನೀರು ಕುಡಿಯಲು ಚೊಂಬೆತ್ತಿದಾಗ ಗೂಟ ನೋಡಿದಳು. ಹಗ್ಗಗಳ ನಡುವೆ ಟೇಪ್ ನೇತಾಡುತ್ತಿತ್ತು.

"ಮಾದ, ಕಿವಿ ನನ್ ಕೈಗೆ ಕೊಟ್ಯಾ?"

"ಕಾರ್ಗೆ ಯಾರಾದ್ರೂ ಕೇಳ್ತಾರಾ ಅಕ್ಕಾ? ಮಗೀನ್ ಮದ್ವೆ. ನಿಂಗೇನ್ ಬ್ಯಾರೇನಾ?"

"ಅಗ್ಗ ಮಡಿಕ್ಕಳಕ್ಕೆ ನೆಪ್ಪಿತ್ತು. ಅದೊಂದು ನೆಪ್ಪಾಗ್ಲಿಲ್ಲ."

ಅಷ್ಟೇ. ಜಗಳವಾಗಲಿಲ್ಲ. ಜಗಳ ಆಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ವ್ಯಾಪಾರದಲ್ಲಿ ಗಿರಾಕಿ ಕೂಗಾಡುತ್ತಿದ್ದಾನೆ ಅಂದರೆ ಇನ್ನೂ ಕೊಳ್ಳುವ ಮನಸ್ಸಿದೆ ಎಂದರ್ಥ. ಸುಮ್ಮನಾಗಿ ಚಪ್ಪಲಿ ಮೆಟ್ಟಿದವನು ಮತ್ತೆ ಬರುವುದಿಲ್ಲ.

ನನ್ನ ಮದುವೆಯ ದಿನ ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದ ಮೈಕು ಬೆಳಗಿನಿಂದ ಸಿನಿಮಾ ಹಾಡು ಸುರಿಯುತ್ತಿತ್ತು. ಹಸೆಯ ಹೊತ್ತಿಗೆ ಅದನ್ನು ನಿಲ್ಲಿಸಿದರು. ನಾನು ಒಳಗೆ ತಲೆ ತಗ್ಗಿಸಿ ನಿಂತಿದ್ದೆ. ಹೊರಗಿನಿಂದ ಪದ ಎದ್ದು ಕರೆಯಬೇಕು, ಆಗ ನಾನು ಹೊಸ್ತಿಲು ದಾಟಬೇಕು. ಎಷ್ಟೋ ಮದುಮಗಳಿಗೆ ಹಾಗೆ ಕರೆದದ್ದನ್ನು ಕಾರಿನಲ್ಲಿ ಕುಳಿತು ಕೇಳಿದವಳು ನಾನು, ನನ್ನ ಸರದಿಗೆ ಕಾಯುತ್ತಿದ್ದೆ. ಹೆಂಗಸರೆಲ್ಲ ಚಪ್ಪರದ ಬಾಯಿಯ ಕಡೆ ನೋಡಿದರು. ಅತ್ತೆ ಅಲ್ಲಿಂದ ಆಚೆ ಹುಣಸೆ ಮರದ ಬುಡದಲ್ಲಿ ಕುಳಿತಿದ್ದಳು. ಅವ್ವ ಓಡಿದಳು. ಅಲ್ಲಿ ನಡೆದ ಮಾತನ್ನು ಅವ್ವ ನನಗೆ ಬಹಳ ವರ್ಷಗಳ ನಂತರ ಹೇಳಿದಳು.

"ಅತ್ಗೆ, ಕೈ ಮುಗೀತೀನಿ. ಒಂದೇ ಒಂದು ಪದ. ಮಗ ಕಾಯ್ತಾ ಅವ್ಳೆ."

"ಆಡಕ್ಕೇನವ್ವಾ, ಗಂಟ್ಲು ಐತೆ. ಎಲ್ಲಿ ಕುಂತ್ಕಂಡು ಆಡ್ಲಿ, ಅದೇಳು."

ಅವ್ವ ಸುತ್ತ ನೋಡಿದಳಂತೆ. ಗೋಡೆಯ ಹಿಂದೆ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಚಪ್ಪರದ ಒಳಗೆ ಅನ್ನಲು ಧೈರ್ಯ ಬರಲಿಲ್ಲ. ಗಂಡಿನ ಕಡೆಯವರು ಹೊತ್ತಾಯಿತೆಂದು ಗದ್ದಲ ಮಾಡಿದರು. ಯಾರೋ ಮೈಕಿನವನಿಗೆ ಸನ್ನೆ ಮಾಡಿದರು. ಸಿನಿಮಾ ಹಾಡಿನ ಗದ್ದಲದಲ್ಲಿ ನಾನು ಹೊಸ್ತಿಲು ದಾಟಿದೆ. ನಮ್ಮ ಹಟ್ಟಿಯಲ್ಲಿ ಸೋಬಾನೆ ಇಲ್ಲದೆ ಹಸೆ ಏರಿದ ಮೊದಲ ಹೆಣ್ಣು ನಾನು. ಆಮೇಲೆ ಎಲ್ಲರೂ ಹಾಗೇ ಏರಿದರು.

ಅತ್ತೆ ನನ್ನ ಮದುವೆಯ ಚಪ್ಪರ ಬಿಚ್ಚುವ ಮುಂಚೆಯೇ ಮೇಟೂರಿನ ಕಡೆ, ಸತ್ತ ಗಂಡನ ತಮ್ಮನ ಮನೆಗೆ ಹೊರಟುಹೋದಳು. ಬಂದಾಗ ಕುರಿ ಹೊಡೆದುಕೊಂಡು ಬಂದವಳು, ಹೋಗುವಾಗ ಬರಿಗೈಯಲ್ಲಿ ಹೋದಳು. ಮುಂದೆ ಅವ್ವ ಸತ್ತಾಗ ಮಣ್ಣಿಗೆ ಬಂದು, ಮುಖ ನೋಡಿ, ಅವತ್ತೇ ವಾಪಸಾದಳು. ನಾನು ಇತ್ತ ಸೇಲಂನಲ್ಲಿ ಮೊದಲು ನೆರೆಯವರ ಸ್ಕೂಟರ್ ಮಾರಿಸಿಕೊಟ್ಟೆ, ಆಮೇಲೆ ಕಾರು, ಆಮೇಲೆ ಸ್ವಂತ ಯಾರ್ಡು. ಹೆಂಗಸಿಗೆ ಗಾಡಿ ವ್ಯಾಪಾರ ಏನು ಗೊತ್ತು ಎಂದವರೇ ಈಗ ಸಲಹೆ ಕೇಳಲು ಬರುತ್ತಾರೆ. ನನ್ನ ಯಾರ್ಡಿನಲ್ಲಿ ಒಂದು ನಿಯಮ ಇದೆ. ಕಾರು ಮಾರಲು ಬಂದ ಗಂಡಸಿಗೆ, "ಮನೆಯವರನ್ನೂ ಕರೆದುಕೊಂಡು ಬನ್ನಿ" ಅನ್ನುತ್ತೇನೆ. ಬಂದ ಹೆಂಗಸನ್ನು ಒಂದು ಗಳಿಗೆ ಹಿಂದಿನ ಸೀಟಿನಲ್ಲಿ ಕೂರಲು ಬಿಡುತ್ತೇನೆ. ಆಮೇಲೆ, "ಕೊಡೋಣವೇನಮ್ಮಾ?" ಎಂದು ಕೇಳುತ್ತೇನೆ. ಹೆಚ್ಚಿನವರು ನಗುತ್ತಾರೆ. ಒಂದಿಬ್ಬರು ಅತ್ತಿದ್ದಾರೆ. ಒಬ್ಬಳು ಗಂಡನನ್ನು ಬಿಟ್ಟು ತಾನೇ ಸ್ಟಾರ್ಟ್ ಮಾಡಿಕೊಂಡು ವಾಪಸು ಹೋದಳು. ನನಗೆ ವ್ಯಾಪಾರ ತಪ್ಪಿತು, ಇರಲಿ.

ಎಷ್ಟೋ ಜನರ ಹಳೆಯ ಕಾರು ಮಾರಿದ ಮೇಲೆ ನನಗೆಂದು ಶೋರೂಮಿನಿಂದ ಹೊಸದೊಂದು ತಂದೆ. ಅಪ್ಪ ಆಗ ನನ್ನ ಜೊತೆಗೇ ಇದ್ದ. ಪೂಜೆಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ಬಿಟ್ಟಾಗ ಮಗುವಿನ ಹಾಗೆ ಕೈ ತಟ್ಟಿದವನು, ಸಂಜೆ ತನ್ನ ಟ್ರಂಕಿನಿಂದ ಬಟ್ಟೆ ಸುತ್ತಿದ ಗಂಟೊಂದನ್ನು ಎತ್ತಿಕೊಂಡು ಬಂದ. ಆ ಟೇಪು.

"ಮೇಟೂರ್ ಕಡೀಕೆ ಓಗವಾ ಮಗಾ? ಅಕ್ಕನ್ನ ಒಂದು ಮಾತು ಕೇಳ್ಬೇಕು."

ಹೋದೆವು. ಅತ್ತೆ ಮೈದುನನ ಮನೆಯ ಜಗಲಿಯ ಮೇಲೆ ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ದನಿ ಕೇಳಿ ಗುರುತು ಹಿಡಿದಳು. ಅಪ್ಪ ಅವಳ ಕಾಲ ಬಳಿ ಕುಳಿತು, ಗಂಟು ಬಿಚ್ಚಿ, ಟೇಪನ್ನು ಎರಡೂ ಕೈಯಲ್ಲಿ ಅವಳ ಕೈಗೆ ಕೊಟ್ಟ. ಹಿಂದೆ ಬಾಗಿಲಲ್ಲಿ ಕುರಿಯ ಕಿವಿ ಕೊಡುತ್ತಿದ್ದ ಹಾಗೆಯೇ.

"ಇದ್ನ ಗುಜರಿಗೆ ಆಕ್ಬಿಡ್ಲಾ ಅಕ್ಕಾ? ನೀನ್ ಊ ಅಂದ್ರೆ ಆಕ್ತೀನಿ."

ಇಡೀ ಜೀವಮಾನದಲ್ಲಿ ಅವನು ಸಂತೆಯಲ್ಲಿ ಹಾಗೆ ಸೋತು ಮಾತಾಡಿದ್ದನ್ನು ನಾನು ಕೇಳಿಲ್ಲ. ಅತ್ತೆ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳನ್ನು ಅದರ ಎಡ ಅಂಚಿನುದ್ದಕ್ಕೂ ನಿಧಾನವಾಗಿ ಸವರಿದಳು. ಮತ್ತೊಮ್ಮೆ ಸವರಿದಳು.

"ಇದ್ರಾಗೆ ನನ್ ಕಿವಿ ಇಲ್ವಲ್ಲೋ ಮಾದ. ಇದ್ ನಿಂದು. ನನ್ನ್ಯಾಕ್ ಕೇಳ್ತೀಯಾ?"

ಅಪ್ಪ ಟೇಪು ವಾಪಸು ತೆಗೆದುಕೊಂಡ. ಮೈದುನನ ಸೊಸೆ ತಂದ ಟೀ ಆರಿತು.

ಹೊರಡುವ ಮುಂಚೆ ಅತ್ತೆಯನ್ನು ಕೈ ಹಿಡಿದು ಕರೆತಂದು ನನ್ನ ಕಾರಿನಲ್ಲಿ ಕೂರಿಸಿದೆ, ಹಿಂದೆ, ಎಡಗಡೆ. ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿ, "ಮೆತ್ಗೈತೆ" ಎಂದಳು. ಆಮೇಲೆ ಕೇಳಿದಳು:

"ಆ ಟೇಪ್ನವ್ಳು ಇದ್ಲಲ್ಲ, ಅಳ್ತಾ ಆಡ್ತಿದ್ದವ್ಳು. ಇದ್ರಾಗೂ ಇದ್ದಾಳಾ?"

ಈ ಕಾರಿನಲ್ಲಿ ಲೋಕದ ಹಾಡೆಲ್ಲ ಇದೆ, ಹೆಸರು ಹೇಳಿದರೆ ಸಾಕು. ನನಗೆ ಹೆಸರು ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

"ನೀನೇ ಒಂದ್ಸಲ ಗುನುಗು ಅತ್ತೆ. ಫೋನೇ ಕಂಡಿಡೀತೈತೆ."

"ಮರ್ತೋಯ್ತು ಕಣವ್ವಾ," ಎಂದಳು. ಮರೆತಿರಲಿಲ್ಲ. ಅವಳ ಪಾದ ತಾಳ ಹಾಕುತ್ತಿತ್ತು.

ನಾನು ಡಿಕ್ಕಿಯ ಟೂಲ್ ಬ್ಯಾಗಿನಿಂದ ಸಣ್ಣ ಚಾಕು ತಂದು ಅವಳ ಕೈಯಲ್ಲಿಟ್ಟೆ. ಅವಳ ಹೆಬ್ಬೆರಳನ್ನು ಹಿಡಿದು ಸೀಟಿನ ಎಡ ಅಂಚಿಗೆ ತಾಗಿಸಿದೆ.

"ಕಚ್ಚು ಆಕು ಅತ್ತೆ. ಈ ಸೀಟು ನಿಂದು."

ಅವಳು ಚಾಕು ಮಡಚಿ, ನನ್ನ ಅಂಗೈ ಹುಡುಕಿ, ಅದರಲ್ಲಿ ಇಟ್ಟಳು.

"ನೀನ್ ದುಡ್ದು ತಕ್ಕಂಡಿದ್ದು ಮಗಾ. ಇದ್ರಾಗೆ ನನ್ ಕುರಿ ಒಂದೂ ಇಲ್ಲ. ಇನ್ನೊಬ್ರು ಕುರೀಗೆ ನಾನ್ಯಾಕೆ ಕಿವಿ ಕುಯ್ಲಿ?"

ಅತ್ತೆ ಈಗ ಇಲ್ಲ. ಅಪ್ಪನೂ ಇಲ್ಲ. ಅವತ್ತು ಅತ್ತೆಯನ್ನು ಕೂರಿಸಿದ ನನ್ನ ಆ ಕಾರು ಮಾತ್ರ ಇದೆ, ಮಾರುವ ವಯಸ್ಸು ದಾಟಿ ಎಷ್ಟೋ ದಿನವಾಯಿತು. ಯಾರ್ಡಿಗೆ ಬಂದವರು ಅದನ್ನೂ ಸುತ್ತಿ ನೋಡುತ್ತಾರೆ. ನಾನು ಹೇಳಿಕೊಟ್ಟದ್ದನ್ನು ಕಲಿತ ಜಾಣರು ನೇರವಾಗಿ ಹಿಂಬಾಗಿಲು ತೆಗೆಯುತ್ತಾರೆ. "ಎಷ್ಟು ಚೊಕ್ಕಟವಾಗಿದೆಯಮ್ಮಾ, ಸೀಟಿನಲ್ಲಿ ಒಂದು ಗೀರೂ ಇಲ್ಲ" ಎಂದು ಮೆಚ್ಚುತ್ತಾರೆ. ಹೌದು, ಇಲ್ಲ ಅನ್ನುತ್ತೇನೆ.